ನೇರಳೆ ಬಣ್ಣ ತಂದ ಬಡಗಿಯ ಮಗ: ವಿಲಿಯಂ ಪರ್ಕಿನ್

ಗೆಳೆಯರೇ, ಶುಕ್ರವಾರ ಬೆಳಗ್ಗೆ ನಮ್ಮ ಕ್ಯಾಂಪಿನ ತಾರಸಿ ನೋಡಿದ್ದೀರಲ್ಲ? ಹಗ್ಗದ ತುಂಬಾ ನೀಲಿ ಕವರಾಲ್‌ಗಳು, ಲುಂಗಿಗಳು, ಬನಿಯನ್‌ಗಳು. ಹೊಸ ಕೆಂಪು ಟೀಶರ್ಟನ್ನು ಬಿಳಿ ಬನಿಯನ್ ಜೊತೆ ಒಂದೇ ಬಕೆಟ್ಟಿಗೆ ಹಾಕಿ, ಎಲ್ಲವನ್ನೂ ಗುಲಾಬಿ ಮಾಡಿಕೊಂಡವರು ನಮ್ಮಲ್ಲಿ ಒಬ್ಬಿಬ್ಬರಲ್ಲ. ಬಣ್ಣ ಬಿಟ್ಟರೆ ಅಂಗಡಿಯವನನ್ನು ಬೈತೀವಿ. ಬಿಡದಿದ್ದರೆ ಅದು ಹೇಗೆ ನಿಂತಿತು ಅಂತ ಯೋಚನೆಯನ್ನೇ ಮಾಡಲ್ಲ. ಇಂದು ನಾವು ತೊಡುವ ಬಟ್ಟೆಯ ಬಣ್ಣ ಹೆಚ್ಚಾಗಿ ಕಾರ್ಖಾನೆಯಲ್ಲಿ ತಯಾರಾದದ್ದು. ಆ ದಾರಿ ತೆರೆದವನು 18 ವರ್ಷದ ಒಬ್ಬ ಹುಡುಗ.

ವಿಲಿಯಂ ಹೆನ್ರಿ ಪರ್ಕಿನ್ ಹುಟ್ಟಿದ್ದು 1838ರ ಮಾರ್ಚ್ 12ರಂದು, ಲಂಡನ್ನಿನ ಪೂರ್ವ ಭಾಗದ ಶಾಡ್ವೆಲ್‌ನಲ್ಲಿ. ಏಳು ಮಕ್ಕಳಲ್ಲಿ ಕೊನೆಯವನು. ಅಪ್ಪ ಜಾರ್ಜ್ ಬಡಗಿ, ಕಟ್ಟಡ ಕಟ್ಟಿಸುವವರು. ಮಗ ವಾಸ್ತುಶಿಲ್ಪಿಯಾಗಲಿ ಅನ್ನೋದು ಅವರ ಆಸೆ. ಆದರೆ ಹುಡುಗನಿಗೆ ರಸಾಯನಶಾಸ್ತ್ರದ ಹುಚ್ಚು. ಅವನ ಶಾಲೆಯಲ್ಲಿ ಆ ಪಾಠ ನಡೆಯುತ್ತಿದ್ದದ್ದೇ ಮಧ್ಯಾಹ್ನದ ಊಟದ ಬಿಡುವಿನಲ್ಲಿ. ಅವನು ಊಟ ಬಿಟ್ಟು ಅಲ್ಲಿ ಹೋಗಿ ಕೂರುತ್ತಿದ್ದ. ಕೊನೆಗೆ ಅಪ್ಪನೇ ಸೋತರು. 15ನೇ ವಯಸ್ಸಿಗೆ ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿ ಸೇರಿದ. ಅಲ್ಲಿ ಅವನ ಗುರು ಜರ್ಮನಿಯ ಆಗಸ್ಟ್ ಹಾಫ್‌ಮನ್.

ಆ ಕಾಲಕ್ಕೆ ಮಲೇರಿಯಾಕ್ಕೆ ಇದ್ದ ಒಳ್ಳೇ ಮದ್ದು ಕ್ವಿನೈನ್. ಸಿಂಕೋನಾ ಮರದ ತೊಗಟೆಯಿಂದ ಅದನ್ನು ತೆಗೀಬೇಕು, ಬೆಲೆಯೋ ದುಬಾರಿ. ಬೀದಿ ದೀಪಕ್ಕೆ ಕಲ್ಲಿದ್ದಲಿನಿಂದ ಗ್ಯಾಸ್ ತೆಗೆದ ಮೇಲೆ ಕಪ್ಪು ಟಾರು ಉಳಿಯುತ್ತಿತ್ತು. ಅದರಿಂದ ಸಿಗುವ ಪದಾರ್ಥಗಳಿಂದಲೇ ಕ್ವಿನೈನ್ ಮಾಡಬಹುದಾ ಅನ್ನುವುದು ಹಾಫ್‌ಮನ್‌ರ ಯೋಚನೆ. 1856ರ ಈಸ್ಟರ್ ರಜೆಯಲ್ಲಿ ಪರ್ಕಿನ್ ಮನೆಯ ಮೇಲಿನ ಪುಟ್ಟ ಕೋಣೆಯಲ್ಲಿ ಅದಕ್ಕೇ ಕೈಹಾಕಿದ. ಸಿಕ್ಕಿದ್ದು ಕೆಂಪು ಮಿಶ್ರಿತ ಕಂದು ಪುಡಿ. ಮತ್ತೆ ಅನಿಲೀನ್ ತಗೊಂಡು ಪೊಟ್ಯಾಸಿಯಂ ಡೈಕ್ರೋಮೇಟ್ ಜೊತೆ ಪ್ರಯತ್ನಿಸಿದ. ಈ ಸಲ ಬಂದದ್ದು ಕರಿ ಗಸಿ. ಬೇರೆಯವರಾಗಿದ್ದರೆ ಮೋರಿಗೆ ಸುರಿಯುತ್ತಿದ್ದರು. ಇವನು ಅದಕ್ಕೆ ಆಲ್ಕೋಹಾಲ್ ಹಾಕಿದಾಗ ದ್ರವ ನೇರಳೆ ಬಣ್ಣಕ್ಕೆ ತಿರುಗಿತು. ಇದರಲ್ಲೊಂದು ಸೋಜಿಗ ಇದೆ. ಅವನ ಅನಿಲೀನ್ ಶುದ್ಧವಾಗಿರಲಿಲ್ಲ, ಟೊಲುಯಿಡಿನ್ ಎಂಬ ಬೇರೆ ಪದಾರ್ಥ ಬೆರೆತಿತ್ತು. ಆ ಬೆರಕೆ ಇಲ್ಲದಿದ್ದರೆ ಆ ಬಣ್ಣವೇ ಹುಟ್ಟುತ್ತಿರಲಿಲ್ಲ!

ರೇಷ್ಮೆಯ ತುಂಡೊಂದನ್ನು ಅದರಲ್ಲಿ ಅದ್ದಿ ನೋಡಿದ. ತೊಳೆದರೂ, ಬಿಸಿಲಿಗೆ ಇಟ್ಟರೂ ಬಣ್ಣ ಗಟ್ಟಿಯಾಗಿ ನಿಂತಿತು. ಸ್ಕಾಟ್ಲೆಂಡಿನ ಪರ್ತ್ ಊರಿನ ಪುಲ್ಲರ್ ಅವರ ಬಣ್ಣದ ಕಾರ್ಖಾನೆಗೆ ತುಂಡು ಕಳಿಸಿದ. ಬಟ್ಟೆಯ ಬೆಲೆ ತೀರಾ ಏರದಿದ್ದರೆ ಇದು ದೊಡ್ಡ ಸಂಶೋಧನೆ ಎಂಬ ಅರ್ಥದ ಉತ್ತರ ಬಂತು. ಅದೇ ವರ್ಷ ಆಗಸ್ಟ್ 26ಕ್ಕೆ ಪೇಟೆಂಟ್. ಕಾಲೇಜು ಬಿಡ್ತೀನಿ ಅಂದಾಗ ಗುರು ಹಾಫ್‌ಮನ್‌ಗೆ ಅಸಮಾಧಾನ. ಆದರೆ ಮಗ ಬೇರೆ ದಾರಿ ಹಿಡಿಯಲಿ ಎಂದು ಬಯಸಿದ್ದ ಅಪ್ಪ, ತಮ್ಮ ಉಳಿತಾಯದ ಬಹುಪಾಲನ್ನು ಮಗನ ಕಾರ್ಖಾನೆಗೆ ಹಾಕಿಬಿಟ್ಟರು. ಅಣ್ಣ ಥಾಮಸ್ ಕೂಡ ಜೊತೆಗೂಡಿದ. ವೀಸಾಕ್ಕೆಂದು ಅಮ್ಮನ ಬಳೆ, ಅಪ್ಪನ ಹೊಲ ಅಡವಿಟ್ಟು ಬಂದ ನಮಗೆ ಆ ದುಡ್ಡಿನ ಭಾರ ಬಿಡಿಸಿ ಹೇಳಬೇಕಾಗಿಲ್ಲ.

1857ರಲ್ಲಿ ಲಂಡನ್ ಹೊರಗಿನ ಗ್ರೀನ್‌ಫರ್ಡ್‌ನಲ್ಲಿ, ಕಾಲುವೆ ಪಕ್ಕ ಕಾರ್ಖಾನೆ ಎದ್ದಿತು. ಕಷ್ಟ ಶುರುವಾದದ್ದೇ ಆಗ. ಅನಿಲೀನ್ ಮಾರುಕಟ್ಟೆಯಲ್ಲಿ ಸಿಗುವ ವಸ್ತುವಲ್ಲ, ಅದನ್ನೂ ತಾವೇ ತಯಾರಿಸಬೇಕು. ಟಾರಿನಿಂದ ಬಂದ ಬೆಂಜೀನನ್ನು ನೈಟ್ರೋಬೆಂಜೀನ್ ಮಾಡಬೇಕು. ಅದಕ್ಕೆ ಬೇಕಾದಷ್ಟು ಗಡುಸಾದ ನೈಟ್ರಿಕ್ ಆಮ್ಲ ಸಿಗದೆ ಸೋಡಿಯಂ ನೈಟ್ರೇಟ್ ಮತ್ತು ಗಂಧಕಾಮ್ಲ ಸೇರಿಸಿ ಕೆಲಸ ಸಾಗಿಸಿದರು. ಆಮೇಲೆ ಕಬ್ಬಿಣದ ಪುಡಿ, ಅಸಿಟಿಕ್ ಆಮ್ಲದಿಂದ ಅನಿಲೀನ್. ಸ್ವಲ್ಪ ಎಡವಿದರೂ ಸ್ಫೋಟ. ಕೆಮಿಕಲ್ ಪ್ಲಾಂಟಿನಲ್ಲಿ ದುಡಿಯುವ ನಮ್ಮ ಗೆಳೆಯರಿಗೆ ಆ ಎದೆಬಡಿತ ಅರ್ಥವಾದೀತು.

ಇನ್ನೊಂದು ತೊಡಕು ಹತ್ತಿಯದು. ರೇಷ್ಮೆ, ಉಣ್ಣೆ ಈ ಬಣ್ಣವನ್ನು ಸುಲಭವಾಗಿ ಹೀರುತ್ತಿದ್ದವು. ಹತ್ತಿಗೆ ಅದು ಹಿಡಿಯುತ್ತಲೇ ಇರಲಿಲ್ಲ. ಅದಕ್ಕೆ ಮೊದಲು ಚೊಗರಿನ ಅಂಶ, ಅಂದರೆ ಟ್ಯಾನಿನ್ ಕುಡಿಸಬೇಕು. ಅದು ನೂಲಿಗೂ ಬಣ್ಣಕ್ಕೂ ನಡುವೆ ಬೆಸುಗೆಯಂತೆ ಕೆಲಸ ಮಾಡುತ್ತದೆ. ನಮ್ಮ ನಾಡಿನ ಬಣ್ಣಗಾರರು ಅಳಲೆಕಾಯಿಯ ಚೊಗರಿನಲ್ಲಿ ಬಟ್ಟೆ ನೆನೆಸುತ್ತಿದ್ದದ್ದೂ ಬಣ್ಣ ಹಿಡಿಸುವುದಕ್ಕೇ. ಪರ್ಕಿನ್ ಬಣ್ಣ ಮಾರಿ ಸುಮ್ಮನಾಗಲಿಲ್ಲ. ಬಣ್ಣದ ಮನೆಗಳಿಗೆ ತಾವೇ ಹೋಗಿ ಅದ್ದುವ ವಿಧಾನ ಕಲಿಸಿದರು.

1858ರಲ್ಲಿ ವಿಕ್ಟೋರಿಯಾ ರಾಣಿ ಮಗಳ ಮದುವೆಗೆ ತಿಳಿನೇರಳೆ ಉಡುಪು ತೊಟ್ಟಳು. ಫ್ರಾನ್ಸಿನ ಸಾಮ್ರಾಜ್ಞಿಗೂ ಅದೇ ಬಣ್ಣದ ಮೇಲೆ ಮೋಹ. 'ಮೋವ್' ಹೆಸರಿನ ಆ ಬಣ್ಣ ಊರೆಲ್ಲ ಹರಡಿತು. ಅದರ ಹಿಂದೆಯೇ ಬೇರೆಯವರ ಹೊಸ ಬಣ್ಣಗಳೂ ಬಂದವು. 1869ರಲ್ಲಿ ಮ್ಯಾಡರ್ ಬೇರಿನ ಕೆಂಪು ಬಣ್ಣ ಅಲಿಜರಿನ್ ಅನ್ನು ಟಾರಿನಿಂದ ಮಾಡುವ ದಾರಿಗೆ ಪರ್ಕಿನ್ ಪೇಟೆಂಟ್ ಕೇಳಿದರು. ಜರ್ಮನಿಯವರು ಕೇವಲ ಒಂದು ದಿನ ಮುಂಚೆ ಅರ್ಜಿ ಹಾಕಿದ್ದರು! ಆದರೂ ಇಂಗ್ಲೆಂಡಿನಲ್ಲಿ ತಯಾರಿಸಿ ಲಾಭ ಮಾಡಿದರು. ಆದರೆ ಆ ಲಾಭದ ಇನ್ನೊಂದು ಮುಖವನ್ನೂ ಹೇಳಬೇಕು. ಫ್ರಾನ್ಸ್, ಹಾಲೆಂಡಿನಲ್ಲಿ ಮ್ಯಾಡರ್ ಬೆಳೆಯುತ್ತಿದ್ದ ರೈತರ ಬೆಳೆಯನ್ನು ಕೇಳುವವರಿಲ್ಲವಾದರು. ಮುಂದೆ 1897ರಲ್ಲಿ ಜರ್ಮನಿಯ ಕಾರ್ಖಾನೆ ನೀಲಿ ಮಾರಾಟಕ್ಕೆ ಬಿಟ್ಟಾಗ, ನಮ್ಮ ದೇಶದ ನೀಲಿ ಬೆಳೆಗೂ ಅದೇ ಗತಿಯಾಯಿತು.

1874ರಲ್ಲಿ ಪರ್ಕಿನ್ ಕಾರ್ಖಾನೆಯನ್ನೇ ಮಾರಿದರು. ಆಗ ಅವರಿಗೆ ಬರೀ 36 ವರ್ಷ. ಜರ್ಮನಿಯ ಪೈಪೋಟಿ ಎದುರಿಸಲು ಇನ್ನೂ ದೊಡ್ಡ ಬಂಡವಾಳ ಸುರಿಯಬೇಕಿತ್ತು. ಸಂಸಾರಕ್ಕೆ ಬೇಕಾದಷ್ಟು ಗಳಿಕೆ ಆಗಿತ್ತು. ಮನಸ್ಸೆಲ್ಲ ಮೊದಲಿನಿಂದಲೂ ಪ್ರಯೋಗದ ಮೇಲೆ. ಹಾಗಾಗಿ ಮನೆಯ ಬಳಿಯೇ ಪ್ರಯೋಗಾಲಯ ಮಾಡಿಕೊಂಡು ಕೊನೆವರೆಗೂ ಅದರಲ್ಲೇ ಇದ್ದರು. ಮೂವರು ಗಂಡುಮಕ್ಕಳೂ ರಸಾಯನಶಾಸ್ತ್ರಜ್ಞರೇ ಆದರು. 1906ರಲ್ಲಿ, ಆ ನೇರಳೆ ಬಣ್ಣಕ್ಕೆ 50 ತುಂಬಿದಾಗ, ಸರ್ ಪದವಿ ಬಂತು. ಮರುವರ್ಷ ಜುಲೈ 14ರಂದು ತೀರಿಕೊಂಡರು.

ಇನ್ನೆರಡು ವರ್ಷ, ಇನ್ನೆರಡು ವರ್ಷ ಅಂತ ಇಲ್ಲೇ ತಲೆ ಹಣ್ಣಾಗಿಸಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಎಲ್ಲರಿಗೂ 36ಕ್ಕೆ ಸಾಕು ಅನ್ನುವ ಅನುಕೂಲ ಇರಲ್ಲ, ನಿಜ. ಆದರೂ ಎಷ್ಟಾದರೆ ಸಾಕು ಅಂತ ಒಂದು ಲೆಕ್ಕ ಬರೆದಿಟ್ಟುಕೊಳ್ಳಬಹುದು. ಮುಂದಿನ ಶುಕ್ರವಾರ ಕವರಾಲ್ ಹಿಂಡುವಾಗ ನೀರು ತಿಳಿಯಾಗಿಯೇ ಇಳಿದರೆ, ಆ ಬಡಗಿಯ ಮಗನನ್ನು ಒಮ್ಮೆ ನೆನೆಯಿರಿ. ಉಳಿತಾಯದ ಬಹುಪಾಲನ್ನು ಮಗನ ಕೈಗಿಟ್ಟ ಆ ಅಪ್ಪನನ್ನೂ.