ಬ್ರಮ್ಮೆಲ್‌ನ ನೀಲಿ ಕೋಟು

ಬೆಂಗಳೂರಿನ ಬ್ಯಾಂಕ್ ಅಧಿಕಾರಿ, ಟೋಕಿಯೊದ ಸಚಿವ, ಆರತಕ್ಷತೆಯ ವೇದಿಕೆಯ ಮೇಲೆ ಬೆವರುತ್ತ ನಿಂತ ಮದುಮಗ, ಈ ಮೂವರ ಉಡುಪಿನಲ್ಲಿ ಹೇಳಿಕೊಳ್ಳುವಂಥ ಅಂತರವೇನೂ ಇಲ್ಲ. ಗಾಢ ಬಣ್ಣದ ಕೋಟು, ಕಾಲಿನುದ್ದಕ್ಕೂ ಇಳಿಯುವ ಷರಾಯಿ, ಬಿಳಿಯ ಅಂಗಿ, ಕೊರಳಿಗೊಂದು ಬಟ್ಟೆ. ಗಂಡಸಿನ ಮರ್ಯಾದೆಯ ಉಡುಪೆಂದರೆ ಇಷ್ಟೇ ಎಂದು ಲೋಕ ಒಪ್ಪಿಕೊಂಡು ಎರಡು ಶತಮಾನಗಳಾಗಿವೆ. ಅದಕ್ಕೂ ಮೊದಲು ಯುರೋಪಿನ ಸಿರಿವಂತ ಗಂಡಸು ರೇಷ್ಮೆ, ಮಖಮಲ್ಲು, ಜರಿ, ಕಸೂತಿಗಳಲ್ಲಿ ಮೆರೆಯುತ್ತಿದ್ದ. ತಲೆಯ ಮೇಲೆ ಪುಡಿ ಬಳಿದ ಕೂದಲು, ಸ್ನಾನ ಅಪರೂಪವಾದ್ದರಿಂದ ಮೈತುಂಬ ಸುಗಂಧದ್ರವ್ಯ. ಈ ವೈಭವ ಕಳಚಿಬಿದ್ದುದಕ್ಕೆ ಕಾರಣಗಳು ಹಲವು. 1789ರ ಫ್ರೆಂಚ್ ಕ್ರಾಂತಿಯ ಅನಂತರ ರೇಷ್ಮೆಯ ಚಡ್ಡಿ ತೊಡುವುದು ಪ್ಯಾರಿಸ್ಸಿನಲ್ಲಿ ಅಪಾಯದ ಸಂಗತಿಯಾಯಿತು. ಇಂಗ್ಲೆಂಡಿನ ಭೂಮಾಲೀಕರಂತೂ ಅದಕ್ಕೂ ಮೊದಲೇ ಕುದುರೆ ಸವಾರಿಗೆ ಒಗ್ಗುವ ಸಾದಾ ಉಣ್ಣೆಯ ಕೋಟನ್ನು ಮೆಚ್ಚಿಕೊಂಡಿದ್ದರು. ಆದರೂ ಈ ಬದಲಾವಣೆಯ ಮಾತು ಬಂದಾಗಲೆಲ್ಲ ಇತಿಹಾಸಕಾರರು ತಪ್ಪದೆ ಹೇಳುವ ಹೆಸರು ಒಂದೇ: ಜಾರ್ಜ್ ಬ್ರಯಾನ್ ಬ್ರಮ್ಮೆಲ್. ಅವನ ಕಾಲದವರು ಅವನನ್ನು ಬೋ ಬ್ರಮ್ಮೆಲ್, ಅಂದರೆ ಸೊಗಸುಗಾರ ಬ್ರಮ್ಮೆಲ್ ಎಂದು ಕರೆದರು.

ಅವನ ಜೀವನಚರಿತ್ರೆಯನ್ನು ಓದುವಾಗಲೆಲ್ಲ ನನ್ನ ಗಮನ ಅವನಿಗಿಂತ ಹೆಚ್ಚಾಗಿ ಅವನ ದರ್ಜಿಗಳತ್ತ, ಬಟ್ಟೆ ಒಗೆದವರತ್ತ ಹರಿಯುತ್ತದೆ. ಸೂಜಿ ಹಿಡಿಯದ, ನೂಲು ತೆಗೆಯದ, ಪುಸ್ತಕವೊಂದನ್ನು ಬರೆದು ಪ್ರಕಟಿಸದ ಈ ಮನುಷ್ಯ ಉಡುಪಿನ ಚರಿತ್ರೆಯಲ್ಲಿ ದೊರೆಯಂತೆ ಕುಳಿತಿದ್ದಾನೆ. ಅವನನ್ನು ಅಲ್ಲಿ ಕೂರಿಸಿದ ಕೈಗಳು ಯಾರವು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಬ್ರಮ್ಮೆಲ್ ಹುಟ್ಟಿದ್ದು 1778ರ ಜೂನ್ 7ರಂದು, ಲಂಡನ್ನಿನಲ್ಲಿ. ಕುಲೀನ ಮನೆತನದವನಲ್ಲ. ಅಜ್ಜ ಸೇವಕ ವರ್ಗದಿಂದ ಮೇಲೆ ಬಂದವನು; ತಂದೆ ವಿಲಿಯಂ ಪ್ರಧಾನಿ ಲಾರ್ಡ್ ನಾರ್ತ್‌ನ ಆಪ್ತ ಕಾರ್ಯದರ್ಶಿಯಾಗಿ ಹಣವನ್ನೂ ಸಂಬಂಧಗಳನ್ನೂ ಸಂಪಾದಿಸಿದವನು. ಮಗನನ್ನು ಈಟನ್ ಶಾಲೆಗೆ, ಬಳಿಕ ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿಗೆ ಕಳುಹಿಸಲಾಯಿತು. ಕಾಲೇಜಿನಲ್ಲಿ ಅವನು ಹೆಚ್ಚು ದಿನ ನಿಲ್ಲಲಿಲ್ಲ. 1794ರಲ್ಲಿ ತಂದೆ ತೀರಿಕೊಂಡ. ಅದೇ ವರ್ಷ ಹದಿನಾರರ ಹುಡುಗ ಯುವರಾಜ ಜಾರ್ಜ್‌ನ ಸ್ವಂತ ಅಶ್ವದಳವಾದ ಹತ್ತನೆಯ ಲೈಟ್ ಡ್ರಗೂನ್ಸ್ ಸೇರಿದ. ಸೈನಿಕನಾಗಿ ಅವನ ಸಾಧನೆ ಶೂನ್ಯವೆಂದೇ ಹೇಳಬೇಕು. ಕವಾಯತಿಗೆ ತಡವಾಗಿ ಬರುತ್ತಿದ್ದ ಆತ, ಮೂಗು ನೀಲಿಗಟ್ಟಿದ್ದ ಒಬ್ಬ ಸೈನಿಕನನ್ನು ಗುರುತಿಟ್ಟುಕೊಂಡು ತನ್ನ ತುಕಡಿ ಯಾವುದೆಂದು ಪತ್ತೆಹಚ್ಚುತ್ತಿದ್ದನಂತೆ. ಒಂದು ದಿನ ಆ ಸೈನಿಕನನ್ನು ಬೇರೆ ತುಕಡಿಗೆ ಹಾಕಿದ್ದರಿಂದ ಬ್ರಮ್ಮೆಲ್ ಬೇರೊಬ್ಬರ ದಂಡಿನ ಮುಂದೆ ಹೋಗಿ ನಿಂತನೆಂಬ ಕಥೆಯೂ ಇದೆ. ಇಷ್ಟಾದರೂ 1796ರಲ್ಲಿ ಕ್ಯಾಪ್ಟನ್ ಆದ. ಯುವರಾಜನ ಒಲವು ಅಂಥದು. 1798ರಲ್ಲಿ ದಳವನ್ನು ಮ್ಯಾಂಚೆಸ್ಟರಿಗೆ ಕಳುಹಿಸಲು ಅಪ್ಪಣೆಯಾದಾಗ, ಗಿರಣಿಗಳ ಊರಿನಲ್ಲಿ ಬಾಳುವುದು ತನ್ನಿಂದಾಗದೆಂದು ಕೆಲಸವನ್ನೇ ಬಿಟ್ಟ. ಕುದುರೆಯಿಂದ ಬಿದ್ದು ಮುರಿದುಕೊಂಡ ಮೂಗೊಂದೇ ಸೈನ್ಯದಿಂದ ಅವನು ತಂದ ಗುರುತು.

ಮರುವರ್ಷ ಪ್ರಾಪ್ತವಯಸ್ಕನಾದಾಗ ಇಪ್ಪತ್ತು ಸಾವಿರ ಪೌಂಡಿಗೂ ಮೇಲ್ಪಟ್ಟ ಪಿತ್ರಾರ್ಜಿತ ಕೈಗೆ ಬಂತು. ಸಾಮಾನ್ಯರ ಲೆಕ್ಕದಲ್ಲಿ ಅದು ದೊಡ್ಡ ಐಶ್ವರ್ಯ. ಅವನು ಬೆರೆಯಲು ಹೊರಟಿದ್ದ ಡ್ಯೂಕರ ಲೋಕದಲ್ಲಿ ಅದು ಕೈಖರ್ಚಿನ ದುಡ್ಡು. ಮೇಫೇರ್ ಬಡಾವಣೆಯ ಚೆಸ್ಟರ್‌ಫೀಲ್ಡ್ ಬೀದಿಯಲ್ಲಿ ಮನೆ ಮಾಡಿದ ಬ್ರಮ್ಮೆಲ್‌ಗೆ ಬಿರುದಿಲ್ಲ, ಜಹಗೀರಿಲ್ಲ, ಮುರಿದ ಮೂಗಿನಿಂದಾಗಿ ಅಪ್ರತಿಮ ರೂಪವೂ ಇಲ್ಲ. ಇದ್ದದ್ದು ಮೊನಚಾದ ನಾಲಗೆ ಮತ್ತು ತಪ್ಪದ ಕಣ್ಣು. ಆ ಕಣ್ಣಿನ ಬಲದಿಂದ ಅವನು ಸುಮಾರು ಹದಿನೆಂಟು ವರ್ಷ ಲಂಡನ್ನನ್ನು ಆಳಿದ.

ಅವನು ತೊಟ್ಟದ್ದಾದರೂ ಏನು? ಹಗಲಿನಲ್ಲಿ ಹಿತ್ತಾಳೆ ಗುಂಡಿಗಳ ನೀಲಿ ಉಣ್ಣೆಯ ಕೋಟು, ತಿಳಿಹಳದಿ ವೇಸ್ಟ್‌ಕೋಟು, ಮೈಗೆ ಅಂಟಿದಂತಿರುವ ಷರಾಯಿ, ಹೊಳೆಯುವ ಕಪ್ಪು ಬೂಟು. ಸಂಜೆಗೆ ನೀಲಿ ಕೋಟು, ಬಿಳಿ ವೇಸ್ಟ್‌ಕೋಟು, ಕಣಕಾಲಿನವರೆಗೆ ಬಿಗಿಯಾಗಿ ಇಳಿದ ಕಪ್ಪು ಷರಾಯಿ. ಇಷ್ಟೇ. ಜರಿಯಿಲ್ಲ, ಹರಳಿಲ್ಲ, ಸುಗಂಧವಿಲ್ಲ. 1795ರಲ್ಲಿ ಕೂದಲ ಪುಡಿಯ ಮೇಲೆ ಸರ್ಕಾರ ವರ್ಷಕ್ಕೊಂದು ಗಿನಿ ತೆರಿಗೆ ಹಾಕಿತ್ತು. ಅವನೂ ಪುಡಿಯನ್ನು ಬಿಟ್ಟು ಕೂದಲನ್ನು ಕತ್ತರಿಸಿಕೊಂಡ. ದಿನವೂ ಸ್ನಾನ ಮಾಡುತ್ತಿದ್ದ, ಹಲ್ಲುಜ್ಜುತ್ತಿದ್ದ, ಗಡ್ಡ ಹೆರೆದುಕೊಳ್ಳುತ್ತಿದ್ದ. ನಮ್ಮವರಿಗೆ ಇದರಲ್ಲೇನು ವಿಶೇಷ ಎನ್ನಿಸೀತು. ಅಂದಿನ ಲಂಡನ್ನಿನಲ್ಲಿ ಇದು ಬೆರಗಿನ ಸಂಗತಿಯಾಗಿತ್ತು.

ಸರಳವಾದ ಕೋಟು ಹೊಲಿಯುವುದು ಸುಲಭವೆಂದು ಭಾವಿಸುವವರುಂಟು. ಯಾವುದೇ ಒಳ್ಳೆಯ ದರ್ಜಿಯನ್ನು ಕೇಳಿದರೆ ಆತ ನಕ್ಕಾನು. ಕಸೂತಿ ತುಂಬಿದ ಅಂಗಿಯಲ್ಲಿ ಭುಜದ ಹೊಲಿಗೆ ಅರ್ಧ ಇಂಚು ಆಚೀಚೆಯಾದರೂ ನೋಡುವವರ ಕಣ್ಣು ಜರಿಯ ಹೂವಿನ ಮೇಲಿರುತ್ತದೆ. ಅಲಂಕಾರವಿಲ್ಲದ ಗಾಢ ನೀಲಿ ಬಟ್ಟೆಯಲ್ಲಿ ತಪ್ಪು ಅಡಗಿಕೊಳ್ಳಲು ಜಾಗವೇ ಇಲ್ಲ. ಬೆನ್ನಿನ ಒಂದು ಸುಕ್ಕು, ಕಂಕುಳಿನ ಒಂದು ಬಿಗಿತ, ಕತ್ತಿನ ಹಿಂದೆ ಬೆರಳಷ್ಟು ಎದ್ದ ಕಾಲರು, ಎಲ್ಲವೂ ಬಟಾಬಯಲು. ಈ ಪರೀಕ್ಷೆಗೆ ಇಂಗ್ಲಿಷ್ ದರ್ಜಿಗಳು ಸಿದ್ಧರಾಗಿದ್ದುದು ಉಣ್ಣೆಯಿಂದಾಗಿ. ಸ್ಪೇನಿನ ಮೆರಿನೊ ಕುರಿಗಳ ತುಪ್ಪಟದಿಂದ ಪಶ್ಚಿಮ ಇಂಗ್ಲೆಂಡಿನಲ್ಲಿ ನೇಯುತ್ತಿದ್ದ ನಯವಾದ ಬಟ್ಟೆಯನ್ನು ನೀರಿನಲ್ಲಿ ಕುಟ್ಟಿ ಕುಗ್ಗಿಸಿ ದಟ್ಟಗೊಳಿಸುತ್ತಿದ್ದರು. ಎಳೆಗಳು ಎಷ್ಟು ಬಿಗಿಯಾಗಿ ಬೆಸೆದುಕೊಳ್ಳುತ್ತಿದ್ದವೆಂದರೆ ಕತ್ತರಿಸಿದ ಅಂಚನ್ನು ಮಡಚಿ ಹೊಲಿಯದೆ ಹಾಗೆಯೇ ಬಿಟ್ಟರೂ ನೂಲು ಬಿಚ್ಚುತ್ತಿರಲಿಲ್ಲ. ರೇಷ್ಮೆಯನ್ನು ಕತ್ತರಿಸಬಹುದು, ಹೊಲಿಯಬಹುದು. ಅದಕ್ಕೆ ಆಕಾರ ಕೊಡಲಾಗದು. ಉಣ್ಣೆಯನ್ನು ಒದ್ದೆ ಮಾಡಿ ಕಾದ ಇಸ್ತ್ರಿಪೆಟ್ಟಿಗೆಯಿಂದ ಒಂದು ಕಡೆ ಹಿಗ್ಗಿಸಬಹುದು, ಇನ್ನೊಂದು ಕಡೆ ಕುಗ್ಗಿಸಬಹುದು, ಎದೆಯ ಉಬ್ಬಿಗೆ ತಕ್ಕಂತೆ ಬಾಗಿಸಬಹುದು. ಒಳಗಡೆ ಕ್ಯಾನ್ವಾಸನ್ನು ನೂರಾರು ಸಣ್ಣ ಹೊಲಿಗೆಗಳಿಂದ ಕೂಡಿಸಿದರೆ ಇಳಿಭುಜದವನೂ ಗ್ರೀಕ್ ಶಿಲ್ಪದಂತೆ ಕಂಡಾನು. ಅಲ್ಲಿಯವರೆಗೆ ದರ್ಜಿಗಳು ಪ್ರತಿ ಗಿರಾಕಿಗೂ ಒಂದೊಂದು ಕಾಗದದ ಪಟ್ಟಿ ಇಟ್ಟುಕೊಂಡು ಅದರಲ್ಲಿ ಕಚ್ಚು ಹಾಕಿ ಅಳತೆ ಗುರುತಿಸುತ್ತಿದ್ದರು. ಇಂಚಿನ ಗುರುತುಳ್ಳ ಟೇಪು ಅವರ ಕೈಗೆ ಬಂದದ್ದೂ ಸುಮಾರು ಇದೇ ಕಾಲದಲ್ಲಿ.

ಬ್ರಮ್ಮೆಲ್‌ನ ಕೋಟುಗಳು ಕಾರ್ಕ್ ಬೀದಿಯ ಶ್ವೈಟ್ಸರ್ ಮತ್ತು ಡೇವಿಡ್‌ಸನ್, ಓಲ್ಡ್ ಬಾಂಡ್ ಬೀದಿಯ ವೆಸ್ಟನ್, ಕಾಂಡ್ಯುಯಿಟ್ ಬೀದಿಯ ಮೇಯರ್ ಇವರ ಅಂಗಡಿಗಳಲ್ಲಿ ಹೊಲಿಸಿದವು. ಷರಾಯಿಯ ಕೆಳತುದಿಗೆ ಪಟ್ಟಿ ಕೊಟ್ಟು ಪಾದದಡಿ ಬಿಗಿಯುವ ಉಪಾಯ ಮೇಯರ್‌ನದೋ ಬ್ರಮ್ಮೆಲ್‌ನದೋ ಎಂಬುದು ಇತ್ಯರ್ಥವಾಗದ ವ್ಯಾಜ್ಯ. ನನ್ನ ಮತವಂತೂ ಮೇಯರ್‌ನ ಕಡೆಗೇ. ಕೈಗವಸಿನ ಬೆರಳುಗಳನ್ನು ಒಬ್ಬ, ಹೆಬ್ಬೆರಳನ್ನು ಮತ್ತೊಬ್ಬ ಹೊಲಿಯುತ್ತಿದ್ದರು, ಬೂಟಿಗೆ ಷಾಂಪೇನಿನ ನೊರೆಯಿಂದ ಹೊಳಪು ಕೊಡುತ್ತಿದ್ದರು ಎಂಬಂಥವು ದಂತಕಥೆಗಳು, ಅವನ್ನು ನಂಬಬೇಕಾಗಿಲ್ಲ.

ಕೊರಳವಸ್ತ್ರದ ಕಥೆ ಮಾತ್ರ ನಂಬುವಂಥದು. ಅಂದಿನ ಕೊರಳವಸ್ತ್ರಗಳು ಜೋತುಬಿದ್ದ ಮಸ್ಲಿನ್ ಚಿಂದಿಗಳಂತಿರುತ್ತಿದ್ದವು. ಬ್ರಮ್ಮೆಲ್ ಅವಕ್ಕೆ ಹದವಾಗಿ ಗಂಜಿ ಹಾಕಿಸಿದ. ಗಂಜಿ ಹೆಚ್ಚಾದರೆ ರಟ್ಟು, ಕಡಿಮೆಯಾದರೆ ಚಿಂದಿ ಎಂಬುದು ಪಂಚೆಗೆ ಗಂಜಿ ಹಾಕಿ ಬಲ್ಲ ನಮ್ಮ ಮನೆಗಳ ಹಿರಿಯರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಅಡಿಯಗಲದ ಆ ಬಟ್ಟೆಯನ್ನು ಕೊರಳಿಗೆ ಸುತ್ತಿ, ಮುಖ ಮೇಲೆತ್ತಿ ನಿಂತು, ಗದ್ದವನ್ನು ಮೆಲ್ಲಮೆಲ್ಲನೆ ಇಳಿಸುತ್ತ ಮಡಿಕೆಗಳನ್ನು ಕೂರಿಸುತ್ತಿದ್ದ. ಮೊದಲ ಸಲಕ್ಕೆ ಸರಿಬಾರದಿದ್ದರೆ ಮತ್ತೆ ತಿದ್ದುವಂತಿಲ್ಲ, ಬಟ್ಟೆಯನ್ನೇ ಎಸೆಯಬೇಕು. ಸೇವಕ ರಾಬಿನ್‌ಸನ್ ಒಂದು ಬೆಳಗ್ಗೆ ತೋಳಿನ ತುಂಬ ಮುದುರಿದ ಬಟ್ಟೆ ಹೊತ್ತು ಮೆಟ್ಟಿಲಿಳಿಯುತ್ತಿದ್ದಾಗ ಯಾರೋ ಅದೇನೆಂದು ಕೇಳಿದರು. ಅವೆಲ್ಲ ತಮ್ಮ ಸೋಲುಗಳೆಂದು ಆತ ಗಂಭೀರವಾಗಿ ಉತ್ತರಿಸಿದನಂತೆ. ಈ ಇಡೀ ಪ್ರಸಂಗವನ್ನು ಬ್ರಮ್ಮೆಲ್‌ನ ಅಚ್ಚುಕಟ್ಟಿಗೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ಆ ತೋಳಿನ ಹೊರೆಯನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಮರಳಿ ಕೊಡಬೇಕಾಗಿದ್ದ ಅಗಸಗಿತ್ತಿಯ ದಿನಚರಿಯನ್ನು ಯಾರೂ ಬರೆದಿಡಲಿಲ್ಲ. ಕಲ್ಲಿದ್ದಲ ಹೊಗೆ ಮುಸುಕಿದ ಲಂಡನ್ನಿನಲ್ಲಿ ಬಿಳಿ ಬಟ್ಟೆ ಬಿಳಿಯಾಗಿ ಉಳಿಯದೆಂದು ಅವನ ಲಿನನ್ ಹಳ್ಳಿಗೆ ಹೋಗಿ ಒಗೆಸಿಕೊಂಡು ಬರುತ್ತಿತ್ತು. ಅವನ ಸರಳತೆ ದುಬಾರಿಯಾದದ್ದಾಗಿತ್ತು. ಆದರೆ ಆ ವೆಚ್ಚ ಕಣ್ಣಿಗೆ ಬೀಳುತ್ತಿರಲಿಲ್ಲ.

ಯುವರಾಜ ತಾನೇ ಬಂದು ಈ ಅಲಂಕಾರ ಪೂಜೆಯನ್ನು ಗಂಟೆಗಟ್ಟಲೆ ಕುಳಿತು ನೋಡುತ್ತಿದ್ದ. ತನ್ನ ಕೋಟು ಬ್ರಮ್ಮೆಲ್‌ಗೆ ಹಿಡಿಸಲಿಲ್ಲವೆಂದು ತಿಳಿದು ಅತ್ತನೆಂಬ ಮಾತೂ ಹರಡಿತ್ತು. ಬೆಡ್‌ಫರ್ಡಿನ ಡ್ಯೂಕ್ ಹೊಸ ಕೋಟು ತೊಟ್ಟು ಅಭಿಪ್ರಾಯ ಕೇಳಿದಾಗ, ಬ್ರಮ್ಮೆಲ್ ಅವನನ್ನು ಸುತ್ತಿ ನೋಡಿ, ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಇದನ್ನೂ ಕೋಟೆಂದು ಕರೆಯುತ್ತೀರಾ ಎಂದು ಕೇಳಿದನಂತೆ. 1811ರಲ್ಲಿ ವೈಟ್ಸ್ ಕ್ಲಬ್ಬಿಗೆ ಹೊರಚಾಚಿದ ಕಿಟಕಿಯೊಂದು ಬಂತು. ಅಲ್ಲಿ ಕುಳಿತು ದಾರಿಹೋಕರಿಗೆ ಅಂಕ ಹಾಕುವುದು ಅವನ ಕಾಯಕವಾಯಿತು. ಅವನು ಒಂದು ಮಾತು ಆಡಿದರೆ ದರ್ಜಿಯ ಅಂಗಡಿಗೆ ಗಿರಾಕಿಗಳು ಸಾಲುಗಟ್ಟುತ್ತಿದ್ದರು. ಅಂಗಡಿಯವರು ಅವನಿಗೆ ಉದ್ರಿ ಕೊಡುತ್ತ ಹೋದದ್ದು ಈ ಲೆಕ್ಕಾಚಾರದಿಂದಲೇ. ಕುಲೀನರ ಧರ್ಮವೂ ವಿಚಿತ್ರವಾದದ್ದು: ಜೂಜಿನ ಸಾಲ ಮಾನದ ಸಾಲ, ಅದನ್ನು ಕೂಡಲೇ ತೀರಿಸಬೇಕು, ಹೊಟ್ಟೆಪಾಡಿಗೆ ಹೊಲಿದವನ ಬಿಲ್ಲು ವರ್ಷಗಟ್ಟಲೆ ಕಾಯಬಹುದು.

ಯುವರಾಜ ಆಡಳಿತದ ಹೊಣೆ ಹೊತ್ತ ಮೇಲೆ ಇಬ್ಬರ ನಡುವೆ ವಿರಸ ಬೆಳೆಯಿತು. 1813ರ ಜುಲೈನಲ್ಲಿ ಬ್ರಮ್ಮೆಲ್ ಮತ್ತವನ ಮೂವರು ಗೆಳೆಯರು ಏರ್ಪಡಿಸಿದ ನೃತ್ಯಕೂಟಕ್ಕೆ ಬಂದ ಯುವರಾಜ, ಗೆಳೆಯ ಆಲ್ವನ್ಲಿಯನ್ನು ಮಾತನಾಡಿಸಿ ಬ್ರಮ್ಮೆಲ್‌ನನ್ನು ಕಾಣದವನಂತೆ ದಾಟಿಹೋದ. ಆ ದಪ್ಪ ಸ್ನೇಹಿತ ಯಾರೆಂದು ಬ್ರಮ್ಮೆಲ್ ಎಲ್ಲರಿಗೂ ಕೇಳುವಂತೆ ಆಲ್ವನ್ಲಿಯನ್ನು ವಿಚಾರಿಸಿದ. ಆದರೆ ಅವನನ್ನು ಕೆಡವಿದ್ದು ಈ ಮಾತಲ್ಲ, ಜೂಜಿನ ಮೇಜು. ಗೆಳೆಯರೊಡನೆ ಜಂಟಿಯಾಗಿ ಪತ್ರ ಬರೆದುಕೊಟ್ಟು ಎತ್ತಿದ ಸಾಲ ಕೊರಳಿಗೆ ಬಂತು. 1816ರ ಮೇ 16ರ ರಾತ್ರಿ ಎಂದಿನಂತೆ ಅಪೆರಾಕ್ಕೆ ಹೋಗಿ ಮುಖ ತೋರಿಸಿ, ಅಲ್ಲಿಂದಲೇ ಗಾಡಿ ಹತ್ತಿ ಡೋವರ್ ಬಂದರು ಸೇರಿ, ಫ್ರಾನ್ಸಿನ ಕ್ಯಾಲೆಗೆ ಓಡಿಹೋದ. ವಾರದೊಳಗೆ ಅವನ ಮನೆಯ ಸೆವ್ರ್ ಪಿಂಗಾಣಿ, ಮದ್ಯ, ಪೀಠೋಪಕರಣಗಳನ್ನು ಕ್ರಿಸ್ಟೀಸ್‌ನವರು ಹರಾಜು ಹಾಕಿದರು.

ಕ್ಯಾಲೆಯಲ್ಲಿ ಹದಿನಾಲ್ಕು ವರ್ಷ, ಇಂಗ್ಲೆಂಡಿನ ಗೆಳೆಯರು ಕಳುಹಿಸುತ್ತಿದ್ದ ಹಣದಲ್ಲಿ. 1821ರಲ್ಲಿ ದೊರೆಯಾಗಿದ್ದ ಹಳೆಯ ಗೆಳೆಯ ಅದೇ ಊರಿನ ಮೂಲಕ ಹಾದುಹೋದ. ಭೇಟಿಗೆ ಕರೆ ಬರಲಿಲ್ಲ. 1830ರಲ್ಲಿ ಕಾನ್ ಪಟ್ಟಣದ ಬ್ರಿಟಿಷ್ ಕಾನ್ಸಲ್ ಹುದ್ದೆ ಸಿಕ್ಕಿತು, ಸಂಬಳದ ಬಹುಪಾಲು ಕ್ಯಾಲೆಯ ಸಾಲಗಾರರಿಗೆ ಮೀಸಲು. ಮೇಲಾದ ಹುದ್ದೆ ಸಿಗಬಹುದೆಂಬ ಆಸೆಯಿಂದ, ಕಾನ್‌ನಲ್ಲಿ ಕಾನ್ಸಲ್‌ನ ಅಗತ್ಯವೇ ಇಲ್ಲವೆಂದು ತಾನೇ ಸರ್ಕಾರಕ್ಕೆ ಬರೆದ. ಸರ್ಕಾರ ಒಪ್ಪಿ 1832ರಲ್ಲಿ ಹುದ್ದೆಯನ್ನು ರದ್ದುಮಾಡಿತು, ಬೇರೊಂದನ್ನು ಕೊಡಲಿಲ್ಲ. ಬುದ್ಧಿವಂತನೊಬ್ಬ ತನ್ನ ಅನ್ನದ ತಟ್ಟೆಯನ್ನು ಇಷ್ಟು ಅಚ್ಚುಕಟ್ಟಾಗಿ ತಾನೇ ಸರಿಸಿದ ಇನ್ನೊಂದು ಉದಾಹರಣೆಯನ್ನು ನಾನರಿಯೆ. 1835ರಲ್ಲಿ ಸಾಲಕ್ಕಾಗಿ ಅವನನ್ನು ಸೆರೆಮನೆಗೆ ಹಾಕಿದರು. ಗೆಳೆಯರು ಚಂದಾ ಎತ್ತಿ ಬಿಡಿಸಿದರು.

ಅವನ ಪತನವನ್ನು ನಾನು ಅಳೆಯುವುದು ಸೆರೆಮನೆಯಿಂದಲ್ಲ, ಕೊರಳಿನಿಂದ. ಬಿಳಿಯ ಕೊರಳವಸ್ತ್ರ ಒಗೆಸುವ ಹಣವಿಲ್ಲದೆ ಬ್ರಮ್ಮೆಲ್ ಕಡೆಗೆ ಕಪ್ಪು ರೇಷ್ಮೆಯ ಪಟ್ಟಿ ಕಟ್ಟಿಕೊಳ್ಳತೊಡಗಿದ. ಕಪ್ಪಿನಲ್ಲಿ ಕೊಳೆ ಕಾಣುವುದಿಲ್ಲ. ಅಗಸಗಿತ್ತಿಯ ಕೈ ಹಿಂದೆಗೆದ ದಿನ ಬೋ ಬ್ರಮ್ಮೆಲ್ ಎಂಬ ವ್ಯಕ್ತಿಯೇ ಅರ್ಧ ಇಲ್ಲವಾದ. ಸಿಫಿಲಿಸ್ ಮಿದುಳಿಗೇರಿ ಬುದ್ಧಿ ಕೆಡುತ್ತ ಬಂತು. ಹೋಟೆಲಿನ ಕೋಣೆಯಲ್ಲಿ ಮೇಣದ ಬತ್ತಿಗಳನ್ನು ಹಚ್ಚಿಸಿ, ಇಸ್ಪೀಟಿನ ಮೇಜು ಹಾಕಿಸಿ, ಅತಿಥಿಗಳ ಹೆಸರು ಕೂಗಲು ಆಳಿಗೆ ಹೇಳಿಕೊಟ್ಟು ಕಾಯುತ್ತಿದ್ದನಂತೆ. ಡೆವನ್‌ಷೈರಿನ ಡಚೆಸ್ ಬಂದಳೆಂದು ಆಳು ಸಾರಿದೊಡನೆ ಎದ್ದು ಬಾಗಿ ಸ್ವಾಗತಿಸುತ್ತಿದ್ದ. ಅವನು ಕಂಡಿದ್ದ ಡಚೆಸ್ ಜಾರ್ಜಿಯಾನಾ 1806ರಲ್ಲೇ ತೀರಿಕೊಂಡಿದ್ದಳು. ಇವನ್ನೆಲ್ಲ ನಮಗೆ ತಿಳಿಸಿದವನು, ಕಾನ್‌ನಲ್ಲಿ ಅವನನ್ನು ಕಣ್ಣಾರೆ ಕಂಡಿದ್ದು 1844ರಲ್ಲಿ ಅವನ ಚರಿತ್ರೆ ಪ್ರಕಟಿಸಿದ ಕ್ಯಾಪ್ಟನ್ ವಿಲಿಯಂ ಜೆಸ್ಸಿ. ದಿನಕ್ಕೆ ಗಂಟೆಗಟ್ಟಲೆ ಮೈ ತೊಳೆಯುತ್ತಿದ್ದ ಮನುಷ್ಯ ಕೊನೆಗೆ ತನ್ನ ಮೈಮೇಲಿನ ಹೊಲಸಿನ ಪರಿವೆಯೂ ಇಲ್ಲದ ಸ್ಥಿತಿ ತಲುಪಿದ. ಕ್ರೈಸ್ತ ಸಂನ್ಯಾಸಿನಿಯರು ನಡೆಸುತ್ತಿದ್ದ ಬಾನ್ ಸೋವರ್ ಆಶ್ರಯಧಾಮದವರು ಅವನನ್ನು ಒಳಕ್ಕೆ ಕರೆದುಕೊಂಡು ತೊಳೆದು, ಒಗೆದ ಬಟ್ಟೆ ತೊಡಿಸಿದರು. 1840ರ ಮಾರ್ಚ್ 30ರಂದು ಅಲ್ಲಿಯೇ ತೀರಿಕೊಂಡ. ಕಾನ್‌ನ ಪ್ರೊಟೆಸ್ಟೆಂಟ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ.

ಲಂಡನ್ನಿನ ಜರ್ಮಿನ್ ಬೀದಿಯಲ್ಲಿ, ಅಂಗಿ ಮತ್ತು ಬೂಟುಗಳ ಹಳೆಯ ಅಂಗಡಿಗಳ ನಡುವೆ, 2002ರಲ್ಲಿ ಬ್ರಮ್ಮೆಲ್‌ನ ಕಂಚಿನ ಪ್ರತಿಮೆ ನಿಲ್ಲಿಸಿದರು. ಶಿಲ್ಪಿ ಐರೀನಾ ಸೆಡ್ಲೆಟ್ಸ್ಕಾ ಕೊರಳವಸ್ತ್ರದ ಮಡಿಕೆಗಳನ್ನು ಜಾಗ್ರತೆಯಿಂದ ಮೂಡಿಸಿದ್ದಾರೆ. ವೆಸ್ಟನ್‌ನ ಅಂಗಡಿಯಿದ್ದ ಓಲ್ಡ್ ಬಾಂಡ್ ಬೀದಿ ಅಲ್ಲಿಂದ ಕಾಲ್ನಡಿಗೆಯಲ್ಲಿ ಐದು ನಿಮಿಷ.