ಊರಿಗೆ ಕನ್ನಡಿ ಹಿಡಿದವನು

ಅಮೆರಿಕ ದೇಶದ ಮಿನೆಸೋಟ ರಾಜ್ಯದಲ್ಲಿ ಸಾಕ್ ಸೆಂಟರ್ ಎಂಬುದೊಂದು ಪುಟ್ಟ ಪಟ್ಟಣ. ಸುತ್ತಲೂ ವಿಶಾಲವಾದ ಬಯಲು, ಹೊಲಗದ್ದೆಗಳು. ನಡುವೆ ಒಂದು ಮುಖ್ಯ ಬೀದಿ. ದಿನಸಿ ಅಂಗಡಿ, ಔಷಧದ ಅಂಗಡಿ, ಬ್ಯಾಂಕು, ಚರ್ಚು, ರೈಲು ನಿಲ್ದಾಣ, ಇವುಗಳ ಸುತ್ತಲೇ ಅಲ್ಲಿನ ಜನರ ದಿನಚರಿ ಸಾಗುತ್ತಿತ್ತು. ಮುಂದೆ ಜಗದ್ವಿಖ್ಯಾತ ಕಾದಂಬರಿಕಾರನಾದ ಸಿಂಕ್ಲೇರ್ ಲೂಯಿಸನು 1885ರ ಫೆಬ್ರವರಿ 7ರಂದು ಈ ಊರಿನ ವೈದ್ಯನೊಬ್ಬನ ಮೂರನೆಯ ಮಗನಾಗಿ ಜನಿಸಿದನು.

ಲೂಯಿಸನು ಆರು ವರ್ಷದವನಾಗಿದ್ದಾಗಲೇ ತಾಯಿ ತೀರಿಕೊಂಡಳು. ತಂದೆ ಕಟ್ಟುನಿಟ್ಟಿನ ಮನುಷ್ಯ. ಕೆಂಗೂದಲಿನ, ಬಡಕಲು ಮೈಯ ಈ ಹುಡುಗನಿಗೆ ಆಟಪಾಟಗಳಲ್ಲಿ ಜಾಣ್ಮೆಯಿರಲಿಲ್ಲ, ಗೆಳೆಯರೂ ವಿರಳ. ಪುಸ್ತಕಗಳೇ ಅವನ ಸಂಗಾತಿಗಳಾದವು. 1898ರಲ್ಲಿ ಅಮೆರಿಕಕ್ಕೂ ಸ್ಪೇನಿಗೂ ಯುದ್ಧ ನಡೆದಾಗ, ಸೈನ್ಯದಲ್ಲಿ ನಗಾರಿ ಬಾರಿಸುವ ಹುಡುಗನಾಗಬೇಕೆಂದು ಹದಿಮೂರು ವರ್ಷದ ಲೂಯಿಸನು ಮನೆ ಬಿಟ್ಟು ಓಡಿದನು. ಆ ಸಾಹಸ ಕೈಗೂಡಲಿಲ್ಲ. 1908ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಪದವಿ ಪಡೆದು, ಪತ್ರಿಕೆಗಳಲ್ಲಿಯೂ ಪ್ರಕಾಶನ ಸಂಸ್ಥೆಗಳಲ್ಲಿಯೂ ದುಡಿಯುತ್ತ ಬರವಣಿಗೆಯನ್ನು ರೂಢಿಸಿಕೊಂಡನು.

ಸಣ್ಣ ಊರೆಂದರೆ ಸ್ನೇಹ, ಸರಳತೆಗಳ ನೆಲೆಯೆಂದು ಕೊಂಡಾಡುವುದು ಅಂದಿನ ವಾಡಿಕೆ. 1920ರಲ್ಲಿ ಪ್ರಕಟವಾದ 'ಮೇನ್ ಸ್ಟ್ರೀಟ್' ಕಾದಂಬರಿಯಲ್ಲಿ ಲೂಯಿಸನು ಆ ಚಿತ್ರದ ಮತ್ತೊಂದು ಮಗ್ಗುಲನ್ನು ತೋರಿಸಿದನು. ದೊಡ್ಡ ನಗರದಲ್ಲಿ ಗ್ರಂಥಪಾಲಕಿಯಾಗಿದ್ದ ಕ್ಯಾರೊಲ್, ವೈದ್ಯನ ಕೈಹಿಡಿದು ಗೋಫರ್ ಪ್ರೇರಿ ಎಂಬ ಪಟ್ಟಣಕ್ಕೆ ಬರುತ್ತಾಳೆ. ಊರನ್ನು ಸುಂದರಗೊಳಿಸುವ ಹಂಬಲ ಅವಳದು. ಆದರೆ ನೆರೆಹೊರೆಯವರ ಕಣ್ಣು ಅವಳ ಉಡುಗೆತೊಡುಗೆಯ ಮೇಲೆ. ಅವರ ಮಾತು ಪರರ ಮನೆಯ ವಿಚಾರ. ತಮ್ಮ ವ್ಯಾಪಾರಕ್ಕೆ ಆಧಾರವಾದ ವಲಸೆಗಾರ ರೈತರನ್ನೇ ಪೇಟೆಯವರು ಕೀಳಾಗಿ ಕಾಣುತ್ತಾರೆ. ಹಾಗೆಂದು ಲೂಯಿಸನು ಊರಿನ ಒಳಿತನ್ನು ಮರೆಮಾಚಲಿಲ್ಲ. ದೂರದ ರೈತನ ಮನೆಗೆ ಹೋಗಿ, ದೀಪದ ಬೆಳಕಿನಲ್ಲಿ ಶಸ್ತ್ರಚಿಕಿತ್ಸೆ ನಡೆಸುವ ವೈದ್ಯನ ಧೀರತೆಯನ್ನೂ ಅಷ್ಟೇ ನಿಷ್ಠೆಯಿಂದ ಚಿತ್ರಿಸಿದನು.

ಪುಸ್ತಕದ ಪ್ರತಿಗಳು ಲಕ್ಷಗಟ್ಟಲೆ ಮಾರಾಟವಾದವು. ಗೋಫರ್ ಪ್ರೇರಿ ತಮ್ಮೂರೇ ಎಂದರಿತ ಸಾಕ್ ಸೆಂಟರಿನ ಜನ ನೊಂದರು, ಸಿಟ್ಟಾದರು. ಮನೆಯ ಮಗನೇ ಮನೆಯ ಮಾನ ಕಳೆದನೆಂಬ ಭಾವ ಅವರಲ್ಲಿ ಮೂಡಿತು. ಅತ್ತ ಕೀರ್ತಿ ಬೆಳೆಯುತ್ತಲೇ ಹೋಯಿತು. 1930ರಲ್ಲಿ ಲೂಯಿಸನು ಸಾಹಿತ್ಯದ ನೊಬೆಲ್ ಬಹುಮಾನ ಪಡೆದ ಮೊದಲ ಅಮೆರಿಕನ್ನನಾದನು.

ಕೀರ್ತಿಯು ನೆಮ್ಮದಿಯನ್ನು ತರಲಿಲ್ಲ. ಎರಡು ದಾಂಪತ್ಯಗಳು ಮುರಿದವು. ಕುಡಿತ ದೇಹವನ್ನು ಹಣ್ಣುಮಾಡಿತು. ಹಿರಿಯ ಮಗ 1944ರಲ್ಲಿ ಯುದ್ಧದಲ್ಲಿ ಮಡಿದನು. 1951ರ ಜನವರಿ 10ರಂದು ಲೂಯಿಸನು ದೂರದ ರೋಮ್ ನಗರದಲ್ಲಿ ಕಣ್ಣುಮುಚ್ಚಿದನು.

ಬಾಲ್ಯದಲ್ಲಿ ತೊರೆದು ಓಡಲು ಹವಣಿಸಿದ ಊರಿಗೇ ಅವನ ಚಿತಾಭಸ್ಮ ಮರಳಿ ಬಂದಿತು. ಅಲ್ಲಿನ ಸ್ಮಶಾನದಲ್ಲಿ, ತನ್ನ ಮನೆಯವರ ಸಮಾಧಿಗಳ ಬಳಿ, ಅವನು ವಿಶ್ರಮಿಸಿದ್ದಾನೆ. ಒಮ್ಮೆ ಮುನಿದಿದ್ದ ಊರು ಅವನು ಬೆಳೆದ ಮನೆಯನ್ನು ಸ್ಮಾರಕವಾಗಿ ಕಾಪಾಡಿತು. ಒಂದು ರಸ್ತೆಗೆ ಅವನ ಹೆಸರನ್ನಿಟ್ಟಿತು. ಕಾದಂಬರಿಯಲ್ಲಿ ಟೀಕೆಗೆ ಗುರಿಯಾಗಿದ್ದ ಆ ಮುಖ್ಯ ಬೀದಿಯೇ ಊರಿನ ಹೆಮ್ಮೆಯಾಯಿತು. ಕನ್ನಡಿಯಲ್ಲಿ ಕಂಡ ಕಲೆಗೆ ಮೊದಲು ಕನ್ನಡಿಯನ್ನೇ ಹಳಿದವರು, ಕಾಲ ಕಳೆದಂತೆ ಅದನ್ನು ಹಿಡಿದವನನ್ನು ತಮ್ಮವನೆಂದು ಒಪ್ಪಿಕೊಂಡರು.