‘ಬ್ಲ್ಯಾಕ್ ಡೇಲಿಯಾ’ ಹೆಸರಿನಲ್ಲಿ ಮರೆಯಾದ ಎಲಿಜಬೆತ್

1947ರ ಜನವರಿ 15ರ ಬೆಳಿಗ್ಗೆ ಅಮೆರಿಕದ ಲಾಸ್ ಏಂಜಲಿಸ್ ನಗರದ ಖಾಲಿ ನಿವೇಶನವೊಂದರಲ್ಲಿ ಬರ್ಬರವಾಗಿ ಹತ್ಯೆಗೀಡಾದ ಯುವತಿಯ ಶವ ಪತ್ತೆಯಾಯಿತು. ಬೆರಳಚ್ಚಿನ ನೆರವಿನಿಂದ ಎಫ್‌ಬಿಐ ಆಕೆಯನ್ನು ಎಲಿಜಬೆತ್ ಶಾರ್ಟ್ ಎಂದು ಗುರುತಿಸಿತು. ಜಗತ್ತು ಆಕೆಯನ್ನು ನೆನಪಿಟ್ಟುಕೊಂಡದ್ದು ಮಾತ್ರ ಪತ್ರಿಕೆಗಳು ಜನಪ್ರಿಯಗೊಳಿಸಿದ ‘ಬ್ಲ್ಯಾಕ್ ಡೇಲಿಯಾ’ ಎಂಬ ಹೆಸರಿನಿಂದ.

ಎಲಿಜಬೆತ್ ಜನಿಸಿದ್ದು 1924ರ ಜುಲೈ 29ರಂದು, ಬಾಸ್ಟನ್‌ನಲ್ಲಿ. ಐವರು ಹೆಣ್ಣುಮಕ್ಕಳಲ್ಲಿ ಮೂರನೆಯವಳು. 1930ರಲ್ಲಿ ತಂದೆ ಕಾರನ್ನು ಸೇತುವೆಯ ಬಳಿ ಬಿಟ್ಟು ಕಣ್ಮರೆಯಾದಾಗ ಆತ್ಮಹತ್ಯೆಯೆಂದೇ ಎಲ್ಲರೂ ಭಾವಿಸಿದರು. ಆತ ಕ್ಯಾಲಿಫೋರ್ನಿಯಾದಲ್ಲಿ ಬದುಕಿರುವುದು ತಿಳಿದದ್ದು ವರ್ಷಗಳ ನಂತರ. ಅಲ್ಲಿಯವರೆಗೆ ಮೆಡ್‌ಫರ್ಡ್‌ನಲ್ಲಿ ತಾಯಿಯೊಬ್ಬಳೇ ಸಂಸಾರ ತೂಗಿಸಿದಳು.

1943ರಲ್ಲಿ ಎಲಿಜಬೆತ್ ಕ್ಯಾಲಿಫೋರ್ನಿಯಾದ ಸೇನಾ ಶಿಬಿರವೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಆಕೆ ವರಿಸಬೇಕೆಂದಿದ್ದ ಸೇನಾಧಿಕಾರಿ 1945ರ ಆಗಸ್ಟ್‌ನಲ್ಲಿ ವಿಮಾನ ಅಪಘಾತದಲ್ಲಿ ಮಡಿದ. ನೆಲೆಯಿಲ್ಲದೆ ಊರೂರು ಅಲೆದ ಆ ಬದುಕು 22ನೇ ವಯಸ್ಸಿಗೇ ಮುಗಿಯಿತು.

ಸಾವಿನ ನಂತರವೂ ಆಕೆಗೆ ನ್ಯಾಯ ದೊರೆಯಲಿಲ್ಲ. ಮಗಳು ಸೌಂದರ್ಯ ಸ್ಪರ್ಧೆಯಲ್ಲಿ ಗೆದ್ದಿದ್ದಾಳೆಂದು ತಾಯಿಗೆ ಸುಳ್ಳು ಹೇಳಿ ವಿವರ ಕಲೆಹಾಕಿದ ವರದಿಗಾರರು, ಆಮೇಲಷ್ಟೇ ಕೊಲೆಯ ಸುದ್ದಿ ತಿಳಿಸಿದರು. ಕೊಲೆ ಮಾಡಿದ್ದು ತಾವೇ ಎಂದು ಹತ್ತಾರು ಮಂದಿ ಪೊಲೀಸರ ಮುಂದೆ ಬಂದರೂ ಯಾರ ಮೇಲೂ ಅಪರಾಧ ಸಾಬೀತಾಗಲಿಲ್ಲ. 1987ರಲ್ಲಿ ಜೇಮ್ಸ್ ಎಲ್ರಾಯ್ ಬರೆದ ಕಾದಂಬರಿ 2006ರಲ್ಲಿ ಚಲನಚಿತ್ರವಾಯಿತು. ಹಂತಕ ಯಾರೆಂಬ ಕುತೂಹಲ ಬೆಳೆದಂತೆಲ್ಲ ಹತಳಾದವಳು ಯಾರೆಂಬುದು ಹಿಂದೆ ಸರಿಯಿತು.

ಓಕ್ಲೆಂಡ್‌ನ ಮೌಂಟನ್ ವ್ಯೂ ಸ್ಮಶಾನದಲ್ಲಿರುವ ಸಮಾಧಿಯ ಕಲ್ಲಿನ ಮೇಲೆ ಪತ್ರಿಕೆಗಳ ಆ ಹೆಸರಿಲ್ಲ. ಅಲ್ಲಿ ಆಕೆ ಎಲಿಜಬೆತ್ ಶಾರ್ಟ್. ಒಬ್ಬ ತಾಯಿಯ ಮಗಳು.